ಮಹಾರಾಣಿಯ ಉಣ್ಣೆ ಚಪ್ಪಲಿ

“ಮಹಾರಾಣಿ ಮಗ್ಗುಲು ಬದಲಿಸಿ ತವರನ್ನ ನೆನೆದಳಂತೆ! ಬರೆದವನು ಮಂಚದ ಕೆಳಗೆ ಕೂತಿದ್ದನಾ?” ಎಂದರು ದೋನಾ ಜುಲ್ಮೀರಾ. “ಎತ್ತಿಡು ಆ ಕಾದಂಬರೀನ. ನನಗೆ ಹೋಗಿರೋದು ಕಣ್ಣು, ಬುದ್ಧಿ ಅಲ್ಲ.”

ಪಕ್ಕದ ಮನೆಯ ದಲ್ವಾ ನಗುತ್ತಲೇ ಪುಸ್ತಕವನ್ನು ಚೀಲಕ್ಕೆ ಹಾಕಿದಳು. “ಪ್ರೀತಿಯಿಂದ ತಂದ್ರೆ ಹೀಗಾ ಟೀಚರ್? ನಾನು ಅದನ್ನ ಓದಿ ಮೂರು ಸಲ ಅತ್ತೆ.”

“ನೀನು ಈರುಳ್ಳಿ ಹೆಚ್ಚಿದ್ರೂ ಅಳ್ತೀಯ. ಅವಳ ಜೀವನಚರಿತ್ರೆ ತಗೋ. ಅದ್ರಲ್ಲಿ ಪತ್ರ ಇದೆ, ತಾರೀಖು ಇದೆ. ಅವಳು ಯಾವತ್ತು ಹಡಗು ಇಳಿದಳು ಅಂತಿದೆ. ಎದೆ ಡವಡವ ಅಂತಿತ್ತು ಅಂತಿಲ್ಲ.”

ಒಂದು ಕಾಲಕ್ಕೆ ಚಕ್ರವರ್ತಿ ಬೇಸಿಗೆ ಕಳೆಯುತ್ತಿದ್ದ ಊರಾದ ಪೆಟ್ರೋಪೊಲಿಸ್‌ನಲ್ಲಿ ಬ್ರೆಡ್ಡು ಮಾರುವವನಿಗೂ ಅರಮನೆಯ ಕಥೆಯೊಂದು ಗೊತ್ತು. ಮೂವತ್ತೆರಡು ವರ್ಷ ಇತಿಹಾಸ ಕಲಿಸಿದ ಜುಲ್ಮೀರಾರಿಗೆ ಅವೆಲ್ಲ ಬೊಗಳೆ. ಹಿಂದೆ ಓದಿಹೇಳಲು ಬರುತ್ತಿದ್ದವಳು ಪುಸ್ತಕದಲ್ಲಿಲ್ಲದ ಒಂದು ‘ಅಯ್ಯೋ ಪಾಪ’ ಸೇರಿಸಿದ್ದಕ್ಕೆ ಮತ್ತೆ ಈ ಹೊಸ್ತಿಲು ತುಳಿಯದಂತಾಗಿತ್ತು. ಈಗ ಉಳಿದವಳು ದಲ್ವಾ ಒಬ್ಬಳೇ. ಅರಮನೆ ಮ್ಯೂಸಿಯಂಗೆ ಬಂದವರ ಬೂಟಿನ ಮೇಲೆ ಉಣ್ಣೆ ಚಪ್ಪಲಿ ತೊಡಿಸಿ, ಮರದ ನೆಲ ಗೀಚದಂತೆ ಜಾರುತ್ತ ಹೋಗಿರೆಂದು ಕಳಿಸುವುದು ಅವಳ ಕೆಲಸ. ಸೋಮವಾರ ರಜೆ. ಜೋಳದ ಕೇಕು ಹಿಡಿದು ಬರುತ್ತಿದ್ದಳು.

ಜೀವನಚರಿತ್ರೆಯ ಇನ್ನೂರ ಹನ್ನೊಂದನೇ ಪುಟಕ್ಕೆ ಬಂದಾಗ ದಲ್ವಾ ಸ್ವಲ್ಪ ತಡೆದಳು.

“‘ಅಂದು ಸಂಜೆ ಮಹಾರಾಣಿ ಉಣ್ಣೆ ಚಪ್ಪಲಿ ಮೆಟ್ಟಿ, ಸದ್ದಾಗದಂತೆ ಜಾರುತ್ತ ಮಗುವಿನ ಕೋಣೆಗೆ ಬಂದಳು…’”

“ಉಣ್ಣೆ ಚಪ್ಪಲಿ!” ಜುಲ್ಮೀರಾರ ಕೈಯ ಕಾಫಿ ತುಳುಕಿತು. “ಅದು ಟಿಕೆಟ್ ತಗೊಂಡು ಬರೋರಿಗೆ ಕಣೇ ಪೆದ್ದಿ! ಮಹಾರಾಣೀನೂ ನಿನ್ನ ಮುಂದೆ ಸಾಲಲ್ಲಿ ನಿಂತಿದ್ದಳಾ? ಯಾವ ಪತ್ರದಲ್ಲಿದೆ? ತಾರೀಖು ಹೇಳು!”

ಆಗ ಜುಲ್ಮೀರಾರಿಗೆ ಆ ಪುಟ ನೆನಪಾಯಿತು. ಕಣ್ಣಿದ್ದಾಗ ನಾಲ್ಕು ಸಲ ಓದಿದ್ದ ಪುಸ್ತಕ. ಅಲ್ಲಿ ಚಪ್ಪಲಿಯೂ ಇರಲಿಲ್ಲ, ಸಂಜೆಯೂ ಇರಲಿಲ್ಲ. ಮಗುವಿಗೆ ಜ್ವರ ಬಂದ ದಿನ, ವೈದ್ಯರು ಬಂದ ಗಂಟೆ, ಶವಪೆಟ್ಟಿಗೆಯ ಅಳತೆ, ಅಷ್ಟೇ. ಅಳತೆ ಅವರಿಗೆ ಬಾಯಿಪಾಠವಾಗಿತ್ತು. ತಮ್ಮ ಪುಟ್ಟ ಮಗಳು ಇಸಾವ್ರಾಳಿಗೆಂದು ತಂದ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದದ್ದು. ಅಂದು ಅದರ ಒಂದು ತುದಿ ಹಿಡಿದು ನಡೆದವಳು ದಲ್ವಾಳ ತಾಯಿ.

ದಲ್ವಾ ಚೀಲ ಎತ್ತಿಕೊಂಡದ್ದು ಕೇಳಿಸಿತು. “ಹಾಗಾದ್ರೆ ನಾನು ಬರೋದ್ ಬೇಡ್ವಾ, ಟೀಚರ್?”

“ಓದೋಳು ನಡುವೆ ನಿಲ್ಲಿಸಬಾರದು,” ಎಂದು ಗದರಿದರು. ಕಾಫಿ ಲೋಟ ಕೆಳಗಿಟ್ಟು ಕೇಳಿದರು: “ಮಗು ಎದ್ದಿತ್ತಾ?”

“ಎದ್ದಿತ್ತು. ಅಮ್ಮನ್ನ ನೋಡಿ ನಕ್ತು.”

“ಹೂಂ.”

ಹಾಳೆಗಳು ಎರಡೋ ಮೂರೋ ಒಟ್ಟಿಗೆ ಮಗುಚಿದ ಸದ್ದಾಯಿತು.