ಮತ್ತೆ ಕಳಿಸು ಎನ್ನದ ಬೋರ್ಡು

ಲಿಫ್ಟಿನ ಪರೀಕ್ಷಾ ಗೋಪುರದಲ್ಲಿ ಬ್ರೇಕ್ ತಡವಾಗಿ ಹಿಡಿದು, ಮೆಕ್ಯಾನಿಕ್ ಆಗಿದ್ದ ಮೈದುನನ ಮಣಿಕಟ್ಟು ಮುರಿದ ಮರುದಿನವೇ ಮ್ಯಾನೇಜರ್ ತೀರ್ಪು ಕೊಟ್ಟುಬಿಟ್ಟಿದ್ದರು: ಮೆಕ್ಯಾನಿಕ್ ತಪ್ಪು ಅಂಕಿ ತುಂಬಿದ್ದಾನೆ. ಅದೇ ಕಾರ್ಖಾನೆಯಲ್ಲಿ ಲಿಫ್ಟಿನ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ ಅತ್ತಿಗೆಗೆ ಕೇಳಿ ಮೈಯೆಲ್ಲ ಉರಿದುಹೋಯಿತು.

ಬ್ರೇಕ್ ಎಷ್ಟು ಬೇಗ ಹಿಡಿಯಬೇಕೆಂಬ ಅಂಕಿಯನ್ನು ಲ್ಯಾಪ್‌ಟಾಪಿನಿಂದ ಸೀರಿಯಲ್ ಕೇಬಲ್ ಮೂಲಕ ಬೋರ್ಡಿಗೆ ಕಳಿಸುತ್ತಾರೆ. ಅದು ಪುಟ್ಟ ಪ್ಯಾಕೆಟ್ಟಾಗಿ ಹೋಗುತ್ತದೆ. ಅಂಕಿ ದಾರಿಯಲ್ಲಿ ಕೆಟ್ಟಿದೆಯೇ ಎಂದು ನೋಡಲು ಬಾಲದಲ್ಲೊಂದು ತಾಳೆ ಸಂಖ್ಯೆ. ತಾಳೆಯಾದರೆ ಬೋರ್ಡು 'ಸರಿ' ಎನ್ನಬೇಕು, ಇಲ್ಲದಿದ್ದರೆ 'ಮತ್ತೆ ಕಳಿಸು'. ಉತ್ತರವೇ ಬಾರದಿದ್ದರೆ ಲ್ಯಾಪ್‌ಟಾಪು ತಾನಾಗಿಯೇ ಇನ್ನೊಮ್ಮೆ ಕಳಿಸುತ್ತದೆ. ಇದರಿಂದ ಕೆಲಸ ನಿಧಾನವೆಂದು ತಾಳೆ ನೋಡುವುದನ್ನೂ ಉತ್ತರ ಕಾಯುವುದನ್ನೂ ತೆಗೆಸಿದವರು ಮ್ಯಾನೇಜರೇ. ಬೇಡವೆಂದು ಅವಳು ಬಡಿದುಕೊಂಡದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಅವಳು ನೇರ ಅವರ ಕೋಣೆಗೆ ನುಗ್ಗಿದಳು.

"ಅವನ್ನ ಒಂದು ಮಾತು ಕೇಳಿದ್ರಾ ಸರ್?"

"ಕೇಳೋದೇನಿದೆ? ತುಂಬಿದ್ದು ಅವ್ನೇ ತಾನೆ? ಮೈದುನ ಅಂತ ವಹಿಸ್ಕೊಂಡು ಬರ್ಬೇಡಿ ಮೇಡಂ."

"ದಾರೀಲಿ ಹೋಗೋನಾಗಿದ್ರೂ ಇದನ್ನೇ ಕೇಳ್ತಿದ್ದೆ. ಕೆಳಗೆ ಬನ್ನಿ, ಕಣ್ಣಾರೆ ನೋಡಿ."

ಗಲಾಟೆ ಕೇಳಿ ಕಾರ್ಖಾನೆಯ ಮಾಲಕಿಯೂ ಹಿಂದೆಯೇ ಇಳಿದುಬಂದರು.

ಗೋಪುರದ ಬುಡದಲ್ಲಿ ಅವಳು ಬಿಡಿ ಬೋರ್ಡೊಂದಕ್ಕೆ ಕೇಬಲ್ ಸಿಕ್ಕಿಸಿ, ಪಕ್ಕದ ಮೋಟಾರನ್ನು ಚಾಲೂ ಮಾಡಿಸಿದಳು. ಅಂಕಿಯನ್ನು ಮಾಲಕಿಯ ಕೈಯಲ್ಲೇ ಒತ್ತಿಸಿದಳು. ಹಲವು ಸಲ ಸರಿಯಾಗಿಯೇ ಹೋಯಿತು. ಮ್ಯಾನೇಜರ್ ಮೀಸೆಯಡಿಯಲ್ಲೇ ನಕ್ಕರು. ಮೋಟಾರು ಗಕ್ಕನೆ ನಿಂತ ಗಳಿಗೆಯಲ್ಲಿ ಕಳಿಸಿದ್ದು ಮಾತ್ರ ಕೆಟ್ಟಿತು: ಮಾಲಕಿ ಒತ್ತಿದ್ದು ಇಪ್ಪತ್ತು, ಬೋರ್ಡು ಇಟ್ಟುಕೊಂಡದ್ದು ಐವತ್ತೆರಡು. ಅಂಕಿ ಕೆಟ್ಟಿದೆಯೆಂದು ಬೋರ್ಡು ಚಕಾರವೆತ್ತಲಿಲ್ಲ.

"ಹಾಗಾದ್ರೆ ನಾನೂ ತಪ್ಪು ತುಂಬಿದ್ನಾ?" ಎಂದರು ಮಾಲಕಿ.

"ಅದು... ಮೋಟಾರಿನ ತೊಂದರೆ ಮೇಡಂ," ಮ್ಯಾನೇಜರ್ ತಡವರಿಸಿದರು.

"ಮೋಟಾರಿದ್ದಲ್ಲಿ ವೈರಲ್ಲಿ ಹೋಗೋ ಅಂಕಿ ಕೆಡೋದು ಇದ್ದಿದ್ದೇ!" ಅವಳು ಬೋರ್ಡಿನತ್ತ ಬೆರಳು ಮಾಡಿದಳು. "ಅದಕ್ಕೇ ತಾಳೆ ನೋಡೋದು. ಅದನ್ನ ಕಿತ್ತುಹಾಕಿ, ಕೈ ಮುರಿದವನ ತಲೆಗೇ ಕಟ್ತೀರಲ್ಲ, ನಾಚಿಕೆ ಆಗಲ್ವಾ?"

ತಾಳೆ ನೋಡುವುದನ್ನೂ ಉತ್ತರ ಕಾಯುವುದನ್ನೂ ಮತ್ತೆ ಹಚ್ಚಿದಳು. ಮೋಟಾರು ನಿಂತಾಗ ಬೋರ್ಡು 'ಮತ್ತೆ ಕಳಿಸು' ಎಂದಿತು, ಲ್ಯಾಪ್‌ಟಾಪು ಕಳಿಸಿತು, ಇಪ್ಪತ್ತೇ ಕೂತಿತು. ಇನ್ನು ಅದನ್ನು ಯಾರೂ ಮುಟ್ಟಕೂಡದೆಂದು ಮಾಲಕಿ ಅಲ್ಲೇ ಆಜ್ಞೆ ಮಾಡಿದರು.

ಮನೆಯಲ್ಲಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮೈದುನ ಎಲ್ಲ ಕೇಳಿದ.

"ಆ ಮನುಷ್ಯ ತಪ್ಪಾಯ್ತು ಅಂದ್ರಾ ಅತ್ತಿಗೆ?"

"ಎಲ್ಲಿಂದ ಬಂತು!"

"ಹೋಗ್ಲಿ ಬಿಡಿ."

"ಯಾಕೋ ಬಿಡ್ಬೇಕು?"

ಬೆಳಗ್ಗೆ ಅವನನ್ನು ಕರೆದುಕೊಂಡೇ ಹೋದಳು. ಮ್ಯಾನೇಜರ್ ಎದುರು ಇಬ್ಬರೂ ಕುರ್ಚಿ ಎಳೆದು ಕೂತರು. ಅವರು ಫೋನು ನೋಡಿದರು, ಫೈಲು ತಿರುವಿದರು, ನೀರು ಕುಡಿದರು. ಕೊನೆಗೆ ಎದ್ದು ನಿಂತು, ಅವನ ಮುಖ ನೋಡಿಯೇ, "ತಪ್ಪು ನಂದಪ್ಪ" ಎಂದರು.