ಬೇಸಿಗೆಯೊಳಗಿನ ನೀಲಿ

ಬೇಸಿಗೆಯ ಚಿತ್ರದಲ್ಲಿ ಅವಳು ನೀಲಿ ಬಳಸಿರಲೇ ಇಲ್ಲ. ಹಳದಿ, ಕಾವಿ, ಒಂದಿಷ್ಟು ಇಟ್ಟಿಗೆ ಕೆಂಪು, ಅಲ್ಲಲ್ಲಿ ಕಣ್ಣು ಕುಕ್ಕುವ ಬಿಳಿ, ಅಷ್ಟೆ. ಹಾಗಿದ್ದ ಮೇಲೆ ಚಿತ್ರದ ಬಲ ಅಂಚಿನಲ್ಲಿ, ಬೇಳೆ ಕಾಳಿನಷ್ಟು ಗಾತ್ರದ ಆ ನೀಲಿ ಎಲ್ಲಿಂದ ಬಂತು?

ಅವಳು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮದುವೆಯಾಗಿ ಈ ಮನೆಗೆ ಬಂದು ವರ್ಷ ತುಂಬಿತ್ತು. ಗಂಡನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅವನ ಮೊದಲ ಹೆಂಡತಿ ತೀರಿಕೊಂಡಾಗ ಮಗಳಿಗೆ ಇನ್ನೂ ಐದು ವರ್ಷ. ಈಗ ಹದಿಮೂರು ತುಂಬಿದ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿ ಮಾತ್ರ ಅವಳನ್ನು ಶಾಲೆಯಲ್ಲೂ ಮನೆಯಲ್ಲೂ ಟೀಚರ್ ಎಂದೇ ಕರೆಯುತ್ತಿದ್ದಳು. ಊಟಕ್ಕೆ ಕರೆದರೆ, "ಬಂದೆ ಟೀಚರ್." ತಲೆ ಬಾಚಲು ಹೋದರೆ, "ನಾನೇ ಬಾಚ್ಕೋತೀನಿ ಟೀಚರ್." ಸಿಟ್ಟಿಲ್ಲ, ಸೆಡವಿಲ್ಲ. ಬಾಗಿಲು ತೆರೆದೇ ಇದ್ದರೂ ಒಳಗೆ ಬನ್ನಿ ಎನ್ನದ ಮನೆಯ ಹಾಗೆ ಇದ್ದಳು ಹುಡುಗಿ.

ಹಾಲ್‌ನ ಗೋಡೆಗಳು ಬೋಳುಬೋಳಾಗಿದ್ದವು. ಸತ್ತವಳ ಒಂದು ಫೋಟೊ ಕೂಡ ಇರಲಿಲ್ಲ. ಕೇಳಿದರೆ ಗಂಡ, "ಜ್ವರ ಬಂತು, ಹೋದಳು," ಎಂದಷ್ಟೇ ಹೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಅದಕ್ಕೇ ಅವಳು ಈ ಸಲದ ರಜೆಯಲ್ಲಿ ಮೂರು ಕಾಲಗಳ ಮೂರು ಚಿತ್ರ ಬರೆದು ತೂಗುಹಾಕಲು ಹೊರಟಳು. ಮರ, ಮೋಡ, ಸೂರ್ಯ ಯಾವುದೂ ಬೇಡ. ಚಳಿ ಮೈಗೆ ಹೇಗೆ ತಾಗುತ್ತದೋ ಹಾಗೆ ಕಣ್ಣಿಗೆ ತಾಗುವ ಬಣ್ಣಗಳಷ್ಟೇ ಸಾಕು. ಎರಡು ಕ್ಯಾನ್ವಾಸ್ ಕೊಂಡು ತಂದಳು. ಮೂರನೆಯದು ಅಟ್ಟದ ಮೇಲೆಯೇ ಸಿಕ್ಕಿತು. ಯಾರೋ ಪೂರ್ತಿ ಬಿಳಿ ಬಳಿದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಬರೆಯಲೆಂದು ಸಿದ್ಧ ಮಾಡಿ ಮರೆತಿರಬೇಕು ಎಂದುಕೊಂಡಳು. ಧೂಳು ಒರೆಸಿ ಅದರ ಮೇಲೆ ಬೇಸಿಗೆ ಬರೆದು, ಕಟ್ಟು ಹಾಕಿಸಿ, ಹಾಲ್‌ನಲ್ಲಿ ಮೊದಲು ಅದನ್ನೇ ತೂಗುಹಾಕಿದಳು.

ಸಂಜೆ ಅಂಗಡಿಯಿಂದ ಬಂದ ಗಂಡ ಚಪ್ಪಲಿ ಬಿಡುವುದನ್ನೂ ಮರೆತು ಬೇಸಿಗೆಯ ಎದುರು ನಿಂತುಬಿಟ್ಟಿದ್ದ. "ಎಲ್ಲಿತ್ತು ಈ ಕ್ಯಾನ್ವಾಸು?" ಎಂದ. ಅಟ್ಟದಲ್ಲಿ ಎಂದಳು. "ಚೆನ್ನಾಗಿದೆ," ಎಂದ, ಬಾಯಿ ಒಣಗಿದವರ ದನಿಯಲ್ಲಿ. ಚಿತ್ರ ಹಿಡಿಸಲಿಲ್ಲವೇನೋ ಎಂದು ಅವಳು ಆ ರಾತ್ರಿಯೆಲ್ಲ ಕೊರಗಿದ್ದಳು.

ನೋಡಲು ಬಂದ ಗಂಡನ ಅಕ್ಕನದು ಬೇರೆಯೇ ವರಸೆ. "ಏನಮ್ಮ ಇದು, ಒಲೆ ಒರೆಸಿದ ಬಟ್ಟೆಗೆ ಕಟ್ಟು ಹಾಕ್ಸಿದ ಹಾಗಿದೆ!"

"ಬೇಸಿಗೆ ಅಕ್ಕ."

"ಹೌದಾ? ಬೆವರು ಬಂತು ನೋಡು ನಂಗೆ," ಎಂದು ಸೆರಗಿನಲ್ಲಿ ಗಾಳಿ ಬೀಸಿಕೊಂಡು ನಕ್ಕು ಕೂತರು.

ನೀಲಿ ಕಂಡದ್ದು ಅದಾದ ಕೆಲವು ದಿನಕ್ಕೆ. ಅವಳು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ನೋಡಿದರೆ ಅಲ್ಲಿ ನೀಲಿ ಇಲ್ಲ, ಹಳದಿ! ಆದರೆ ಅದು ಅವಳ ಹಳದಿಯಲ್ಲ. ಅವಳದು ಕಾವಿ ಬೆರೆತು ಮಾಗಿದ ಬಣ್ಣ. ಇದು ಟ್ಯೂಬಿನಿಂದ ನೇರವಾಗಿ ಹಿಂಡಿದ, ಎಳಸು ಹಳದಿ. ವಾರ ಕಳೆಯುವಷ್ಟರಲ್ಲಿ ಇನ್ನೆರಡು ಕಡೆ ನೀಲಿ ಕಣ್ಣುಬಿಟ್ಟಿತು. ಅವೂ ಮುಚ್ಚಿಹೋದವು. ಮತ್ತೆ ತೆರೆದವು.

ಅವಳಿಗೆ ಅಳುಕು ಶುರುವಾಯಿತು. ಎದ್ದ ಕೂಡಲೇ ಹಾಲ್‌ಗೆ ಬಂದು ನೋಡುವುದು, ರಜೆ ಮುಗಿದ ಮೇಲೆ ಶಾಲೆಯಿಂದ ಬಂದು ಬೀಗ ತೆಗೆದ ಕೂಡಲೇ ನೋಡುವುದು. ನೆಲದ ಮೇಲೆ ಬಣ್ಣದ ಒಂದು ಚೂರಾದರೂ ಬಿದ್ದಿರಬೇಡವೇ? ಚೊಕ್ಕವಾಗಿರುತ್ತಿತ್ತು. ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಯಾರೋ ನಿಂತು ತನ್ನ ಕೈಗಳನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಈ ಮನೆಯಲ್ಲಿ ಬಣ್ಣ ಹಿಡಿದವಳು ತಾನೊಬ್ಬಳೇ ಎಂದು ಅಂದುಕೊಂಡಿದ್ದೇ ತಪ್ಪಾಯಿತೇನೋ.

ತಡೆಯಲಾರದೆ ಒಂದು ದಿನ ಗಂಡನನ್ನು ಕೇಳಿದಳು. "ನನಗೇನೂ ಕಾಣ್ತಿಲ್ಲಪ್ಪ," ಎಂದ.

"ಊರಿಗೆಲ್ಲ ಕನ್ನಡಕ ಹಾಕ್ತೀರಿ, ಮನೆ ಗೋಡೆ ಮೇಲಿರೋದು ಕಾಣಲ್ವಾ?"

ತಮಾಷೆಗೆ ಅಂದದ್ದು. ಅವನ ಮುಖ ಕಪ್ಪಿಟ್ಟಿತು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟವಳು ಚೀಲ ಮರೆತು ಅರ್ಧ ದಾರಿಯಿಂದ ವಾಪಸಾದಳು. ಬಾಗಿಲು ತೆಗೆದರೆ ಗಂಡ ಸ್ಟೂಲಿನ ಮೇಲೆ ನಿಂತಿದ್ದಾನೆ. ಕೈಯಲ್ಲಿ ಅವಳದೇ ಕುಂಚ, ತುದಿಯಲ್ಲಿ ಹಳದಿ. ಅವಳನ್ನು ಕಂಡು ಇಳಿಯಲೂ ಆಗದೆ, ನಿಲ್ಲಲೂ ಆಗದೆ ಗೋಡೆ ಹಿಡಿದುಕೊಂಡ.

"ಇದರ ಕೆಳಗೆ ಗುಬ್ಬಿ ಅಮ್ಮನ ಚಿತ್ರ ಇದೆ," ಎಂದ ಕೊನೆಗೆ, ಪಿಸುದನಿಯಲ್ಲಿ. "ಮಳೆ. ಅವಳು ಬರೆದ ಕೊನೇ ಚಿತ್ರ. ಇದೇ ಗೋಡೆಗೆ ನಾನೇ ಹಾಕಿದ್ದೆ. ಬಂದವರೆಲ್ಲ ಎಷ್ಟು ಚೆನ್ನಾಗಿದೆ ಅಂದ್ರು, ನಾನೂ ಅಂದೆ. ಅದಾಗಿ ವಾರದೊಳಗೆ ಹೋದಳು. ಜ್ವರ ಅಲ್ಲ ಕಣೆ. ತಾನಾಗೇ ಹೋದಳು. ಆಮೇಲೆ ನೋಡಿದ್ರೆ ಎಲ್ಲಾ ಅದರಲ್ಲೇ ಇತ್ತು ಅನ್ನಿಸ್ತು. ದಿನಾ ಅದರ ಎದುರೇ ಕೂತು ಊಟ ಮಾಡಿದ್ದೆ, ನನಗೆ ಕಾಣಲಿಲ್ಲ. ಕೆಲವು ತಿಂಗಳಾದ ಮೇಲೆ ಮಿಕ್ಕಿದ್ದ ಗೋಡೆ ಬಣ್ಣ ಬಳಿದು ಅಟ್ಟದಲ್ಲಿಟ್ಟೆ. ಗುಬ್ಬಿ ದೊಡ್ಡವಳಾದ ಮೇಲೆ ನೋಡಿ, ಅವಳಿಗೆ ಕಂಡುಬಿಟ್ರೆ?"

ಅವಳಿಗೆ ಆಗ ಹೊಳೆಯಿತು. ಕೆಳಗಿರುವುದು ಎಣ್ಣೆಬಣ್ಣ. ಅದರ ಮೇಲೆ ಗೋಡೆಗೆ ಬಳಿಯುವ ನೀರಿನ ಬಣ್ಣ, ಅದರ ಮೇಲೆ ನೀರಿನಲ್ಲೇ ಕಲಸಿದ ತನ್ನ ಬೇಸಿಗೆ. ಅಂಟಿಕೊಳ್ಳುವುದಾದರೂ ಹೇಗೆ? ಉಗುರು ತಾಗಿದರೆ ಸಾಕು, ಹೊಪ್ಪಳೆಯ ಹಾಗೆ ಏಳುತ್ತದೆ. ಆದರೆ ಉಗುರು ಯಾರದು?

"ಜ್ವರ ಅಲ್ವಾ ಅಪ್ಪ?"

ಕೋಣೆಯ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಅಪ್ಪ ಸ್ಟೂಲಿನಿಂದ ಇಳಿದ. ಇಳಿದವನು ಅದರ ಮೇಲೆಯೇ ಕೂತ.

"ನಾನೇ ಕೆರೀತಿದ್ದೆ," ಎಂದಳು ಹುಡುಗಿ. ಹೇಳಿದ್ದು ಅಪ್ಪನಿಗಲ್ಲ, ಟೀಚರ್‌ಗೆ. "ಕಟ್ಟಿನ ಪಕ್ಕ ಒಂಚೂರು ನೀಲಿ ಕಾಣಿಸ್ತು. ನೋಡಿದ ತಕ್ಷಣ ಗೊತ್ತಾಯ್ತು. ಚಿಕ್ಕೋಳಿದ್ದಾಗ ಅದರ ಕೆಳಗೇ ಮಲಗ್ತಿದ್ದೆ. ಅಮ್ಮನ ಚಿತ್ರ ಎಲ್ಲಿ ಅಂದ್ರೆ ಯಾರಿಗೋ ಕೊಟ್ಟೆ ಅಂತಿದ್ದ ಅಪ್ಪ. ನಾನು ಕೆರೆದಿದ್ದನ್ನ ನೀವೇ ಮುಚ್ತಿದ್ದೀರಿ ಅಂದ್ಕೊಂಡೆ, ಟೀಚರ್. ನಿಮ್ಮ ಮೇಲೆ ಎಷ್ಟು ಕೋಪ ಬಂದಿತ್ತು ಗೊತ್ತಾ? ಚೂರೆಲ್ಲ ಎತ್ತಿ ಕಿಟಕಿ ಆಚೆ ಎಸೀತಿದ್ದೆ."

"ನೀನೇ ಸರಿಯಾಗಿ ಮುಚ್ಚಿಬಿಡು," ಎಂದ ಗಂಡ ಹೆಂಡತಿಯ ಕಡೆ ತಿರುಗಿ. "ನಿನಗೆ ಬರುತ್ತಲ್ಲ. ಮತ್ತೆ ಏಳದ ಹಾಗೆ. ನಿನಗೆ ಕೈ ಮುಗಿದು ಕೇಳ್ಕೋತೀನಿ."

ಬರುತ್ತಿತ್ತು. ಉಜ್ಜುಕಾಗದದಲ್ಲಿ ತಿಕ್ಕಿ, ಅಂಟು ಹಚ್ಚಿ, ದಪ್ಪಗೆ ಬಳಿದರೆ ಇನ್ನು ಯಾರ ಉಗುರಿಗೂ ಏಳದು. ಸತ್ತವಳು ಶಾಶ್ವತವಾಗಿ ಅಡಿಯಲ್ಲಿ ಉಳಿಯುತ್ತಾಳೆ, ಮನೆ ತನ್ನದಾಗುತ್ತದೆ. ಆ ಯೋಚನೆ ಬಂದದ್ದಷ್ಟೇ ಅಲ್ಲ, ಒಂದು ಗಳಿಗೆ ಹಿತವಾಗಿಯೂ ಇತ್ತು. ಗುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು. ಈ ಹುಡುಗಿ ಇವತ್ತು ಬಾಗಿಲು ಹಾಕಿಕೊಂಡರೆ ಮತ್ತೆ ಯಾವತ್ತೂ ತೆಗೆಯುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

ಚಿತ್ರವನ್ನು ಗೋಡೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿದಳು. ಬಣ್ಣ ಕಲಸುವ ಚಪ್ಪಟೆ ಚಾಕು ತಂದಳು.

"ಉಗುರಲ್ಲಿ ಕೆರೆದ್ರೆ ನಿಮ್ಮಮ್ಮನ ಬಣ್ಣಾನೂ ಕಿತ್ತು ಬರುತ್ತೆ. ಹೀಗೆ, ಓರೆಯಾಗಿ ಹಿಡಿ. ಒತ್ತಬೇಡ."

"ನಿಮ್ಮ ಬೇಸಿಗೆ ಹಾಳಾಗುತ್ತಲ್ಲ ಟೀಚರ್?"

"ಆಗ್ಲಿ ಬಿಡು. ವರ್ಷಾ ವರ್ಷಾ ಬರುತ್ತೆ."

ಹಳದಿ ಹಾಳೆಹಾಳೆಯಾಗಿ ಎದ್ದು ಬಂತು. ಅಡಿಯಿಂದ ನೀಲಿ, ಮೇಲಿಂದ ಕೆಳಕ್ಕೆ ಸುರಿಯುವ ಉದ್ದುದ್ದ ಗೀಟುಗಳು. ಒಂದು ಕಡೆ ಅವೆಲ್ಲ ಯಾವುದೋ ಗಾಳಿಗೆ ಸಿಕ್ಕಿದಂತೆ ಒಟ್ಟಿಗೇ ಬಾಗಿದ್ದವು. ಅವಳು ಬಗ್ಗಿ ನೋಡಿದಳು. ಗಂಡನಿಗೆ ಕಂಡದ್ದು ತನಗೂ ಕಾಣುತ್ತದೆಯೇ ಎಂದು ಹುಡುಕಿದಳು. ಒಮ್ಮೆ ಬರೀ ಮಳೆ ಅನ್ನಿಸಿತು. ಇನ್ನೊಮ್ಮೆ ನೋಡಿದಾಗ ಥಟ್ಟನೆ ಕಣ್ಣು ಹೊರಳಿಸಿದಳು. ಯಾವುದು ನಿಜವೋ ಹೇಳುವಂತಿರಲಿಲ್ಲ.

ಗುಬ್ಬಿ ಚಾಕು ಕೆಳಗಿಟ್ಟಳು. "ಅಪ್ಪ, ಈಗ ಹೇಳು. ಅಮ್ಮ ಹೇಗೆ ಹೋದ್ಲು?"

ಇದು ತಂದೆ ಮಗಳ ಮಾತು ಎಂದುಕೊಂಡು ಅವಳು ಅಡುಗೆಮನೆಯತ್ತ ಹೊರಟಳು. ಹಿಂದಿನಿಂದ ಸೆರಗು ಜಗ್ಗಿತು.

"ಟೀಚರ್, ನೀವು ಇಲ್ಲೇ ಇರಿ."

ಅವಳು ಕುರ್ಚಿ ಎಳೆದು ಹುಡುಗಿಯ ಪಕ್ಕದಲ್ಲಿ ಕೂತಳು. ಅರ್ಧ ಹಳದಿ, ಅರ್ಧ ನೀಲಿಯಾದ ಚಿತ್ರದ ಆಚೆ ಬದಿಯಲ್ಲಿ ಗಂಡ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕನ್ನಡಕ ತೆಗೆದಿಟ್ಟ. ಈ ಸಲ ಒರೆಸಿಕೊಳ್ಳಲಿಲ್ಲ.

"ಅವತ್ತು ಮಳೆ ಇರಲಿಲ್ಲ," ಎಂದು ಶುರುಮಾಡಿದ.