ಬೋರಲು ಬಿದ್ದ ಹರಿಗೋಲು

ಹಂಪಿಯಿಂದ ಆನೆಗೊಂದಿಗೆ ಹೊಳೆ ದಾಟುವ ಘಟ್ಟದಲ್ಲಿ ನಾನು ಟಿಕೆಟ್ ಹರಿಯುತ್ತಿದ್ದೆ. ಬಿ.ಎ. ಮುಗಿಸಿ ಬಂದವನಿಗೆ, ಹೆಚ್ಚು ಮಾತು ಬೇಡದ ಆ ಕೆಲಸ ಹಿಡಿಸಿತ್ತು. ಘಟ್ಟದ ಗುತ್ತಿಗೆ ಹಿಡಿದ ಕೊಟ್ರಯ್ಯನವರು ಮೊದಲು ಮುಂಬೈಯಲ್ಲಿ ಹಡಗಿನ ಮೇಲಿದ್ದವರು. ಸಿಟ್ಟು ಬಂದರೆ ಅವರ ಬಾಯಲ್ಲಿ ಒಂದೇ ಮಾತು: 'ಕೀಲ್‌ಹಾಲ್ ಮಾಡಸ್ತೀನಿ.' ಹರಿಗೋಲಿನವರು ಅರ್ಥ ತಿಳಿಯದೆಯೇ ತಲೆ ತಗ್ಗಿಸುತ್ತಿದ್ದರು. ನಾನು ಹೊಸಪೇಟೆಯ ಲೈಬ್ರರಿಯಲ್ಲಿ ಶಬ್ದಕೋಶ ತೆಗೆದು ನೋಡಿ ಸುಮ್ಮನಿದ್ದೆ.

ಆ ಶ್ರಾವಣದಲ್ಲಿ ಡ್ಯಾಂ ಗೇಟು ತೆಗೆದು ಹೊಳೆ ಕೆಂಪಗೆ ಉಬ್ಬಿತ್ತು. ಮದುವೆ ದಿಬ್ಬಣವೊಂದು ಬಂದು ನಿಂತಿತ್ತು. ಅಷ್ಟೂ ಮಂದಿಯನ್ನು ಒಂದೇ ಸಲಕ್ಕೆ ದಾಟಿಸೆಂದು ಕೊಟ್ರಯ್ಯ ಹೇಳಿದಾಗ ಹರಿಗೋಲಿನ ಗಾಳೆಪ್ಪ ಹುಟ್ಟನ್ನು ನೆಲಕ್ಕೂರಿದ.

"ಆಗಂಗಿಲ್ರಿ. ಆ ಸುಳಿ ನೋಡ್ರಿ."

"ಹತ್ತಸಲಿಲ್ಲಂದ್ರ ನಾಳಿಂದ ಘಟ್ಟಕ್ಕ ಕಾಲಿಡಬ್ಯಾಡ. ಕೀಲ್‌ಹಾಲ್ ಮಾಡಸ್ತೀನಿ, ಮಗನ!"

ಗಾಳೆಪ್ಪ ನನ್ನ ಕಡೆ ತಿರುಗಿದ. "ಓದಿದಾವ್ರ, ಅದೇನಂತ ಹೇಳ್ರಿ. ಭಾಳ ದಿನದಿಂದ ಬೈಸ್ಕೊಳ್ಳಾಕತ್ತೀವಿ."

"ಬರೀ ಬೈಯೋದು ಅಂತ ಹೇಳೋ," ಎಂದರು ಕೊಟ್ರಯ್ಯ, ನನ್ನ ಟಿಕೆಟ್ ಚೀಲ ನೋಡುತ್ತ.

ಈಗಿನ ಅರ್ಥ ಅದೇ. ಹಾಗೆಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ಚೀಲವೂ ಹೆಗಲ ಮೇಲೆ ಉಳಿಯುತ್ತಿತ್ತು.

"ಹಿಂದ ಹಡಗಿನಾಗ ಕೊಡೋ ಶಿಕ್ಷೆ," ಎಂದೆ. "ಹಡಗಿನ ತಳಕ್ಕ ಉದ್ದಕ ಒಂದು ತೊಲಿ ಇರ್ತೈತಿ, ಅದು ಕೀಲ್. ಆಳಿಗೆ ಹಗ್ಗ ಬಿಗದು ಈ ಕಡೆ ನೀರಿಗೆ ಒಗದು, ತಳದ ಅಡಿಯಿಂದ ಆ ಕಡಿಗೆ ಎಳೀತಿದ್ರು. ತಳಕ್ಕ ಹತ್ತಿದ ಚಿಪ್ಪು ಚರ್ಮ ಸುಲೀತಿದ್ವು. ಬದುಕಿದ್ರ ಮತ್ತ ಕೆಲಸಕ್ಕ."

ಮದುಮಗಳ ಸೋದರತ್ತೆ ದುರ್ಗಕ್ಕ ಹರಿಗೋಲಿನೊಳಗೆ ಇಟ್ಟಿದ್ದ ಕಾಲನ್ನು ತೆಗೆದಳು. "ಎಪ್ಪಾ! ನೀರಾಗ ಮಂದಿನ ಸುಲಿಯೋ ಮಾತಾಡೋನು ನಮ್ಮನ್ನ ದಾಟಸ್ತಾನಂತ! ಯಾರೂ ಹತ್ತಬ್ಯಾಡ್ರೇ."

ಗಾಳೆಪ್ಪ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ. ಘಟ್ಟದಲ್ಲಿ ಹರಿಗೋಲು ಬೋರಲು ಬಿದ್ದರೆ ಅಂದು ದಾಟುವುದಿಲ್ಲವೆಂದೇ ಅರ್ಥ. ಹಾಕಿದವನ ಹೊರತು ಇನ್ನೊಬ್ಬರು ಅದನ್ನು ಎತ್ತುವಂತಿಲ್ಲ. ಟಾರು ಬಳಿದ ತಳ ಬಿಸಿಲಿಗೆ ಗುಂಡಗೆ, ಕರ್ರಗೆ ಹೊಳೆಯಿತು.

"ಬರ್ರಿ ಸಾವ್ಕಾರ್ರ. ನಮ್ಮ ತಳ ಇದ. ತೊಲಿ ಎಲ್ಲೈತಿ, ಹುಡುಕ್ರಿ. ಹಗ್ಗ ಬೇಕಂದ್ರ ನಾನ ಕೊಡ್ತೀನಿ."

ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಹರಿಗೋಲು ಮಗುಚಿದರು.

"ನೀನೂ ನಡಿ," ಎಂದರು ಕೊಟ್ರಯ್ಯ ನನಗೆ.

ಚೀಲ ಬಿಚ್ಚಿ ಅವರ ಕೈಗೆ ಕೊಟ್ಟೆ. ಆದರೆ ನಡೆಯಲಿಲ್ಲ. ಗಾಳೆಪ್ಪನ ಪಕ್ಕ, ಹರಿಗೋಲಿಗೆ ಬೆನ್ನು ಕೊಟ್ಟು ಕುಳಿತೆ. ಕೊಟ್ರಯ್ಯನವರ ಹತ್ತಿರ ಯಾರೂ ಹೋಗಲಿಲ್ಲ. ದಿಬ್ಬಣದವರು ಗಾಳೆಪ್ಪನ ಸುತ್ತ ಬಂದು ಕೂತು, ನೀರು ಯಾವಾಗ ಇಳಿದೀತೆಂದು ಅವನನ್ನೇ ಕೇಳತೊಡಗಿದರು.